ಯಾಡಿಗೆ ಕೊಟ್ಟ ಮಾತು

ನಾನು ಹೊತ್ತವುಗಳಲ್ಲೆಲ್ಲ ಬಹಳ ಭಾರದ್ದು ಯಾವುದು ಎಂದು ಯಾರಾದರೂ ಕೇಳಿದರೆ ಹಳೆಯ ಸೀರೆಗಳ ಒಂದು ಗಂಟು ಎಂದೇ ಹೇಳಬೇಕು. 1989ರ ಜುಲೈ ತಿಂಗಳ ಒಂದು ಭಾನುವಾರ, ಬೆಳಗಿನ ಪೂಜೆ ಮುಗಿಸಿಕೊಂಡು ಅದನ್ನು ಹೆಗಲ ಮೇಲಿಟ್ಟು ಶಿವಮೊಗ್ಗದ ಬಸ್‌ಸ್ಟ್ಯಾಂಡಿಗೆ ನಡೆದಾಗ ಅಷ್ಟೇನೂ ಭಾರವಿರಲಿಲ್ಲ. ಸಂಜೆ ಅದೇ ಗಂಟನ್ನು, ಒಂದು ಸೀರೆಯೂ ಕಡಿಮೆಯಾಗದಂತೆ, ವಾಪಸು ಹೊತ್ತು ತಂದೆನಲ್ಲ, ಆಗ ಭಾರವಾಗಿತ್ತು.

ನಾನಾಗ ಶಿವಮೊಗ್ಗದ ಕಾಲೇಜೊಂದರಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಊರು ಭದ್ರಾವತಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ತಾತನ ಕಾಲದಲ್ಲಿ ತಮಿಳು ಸೀಮೆಯಿಂದ ಕೆಲಸ ಹುಡುಕಿಕೊಂಡು ಬಂದು ಕುಲುಮೆಯ ಮುಂದೆ ನಿಂತವರು ನಾವು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಚರ್ಚಿನಲ್ಲಿ ಎರಡೂ. ಅಮ್ಮನಿಗೆ ಸಂಜೆಯ ಜಪಸರ ತಪ್ಪಿದರೆ ಅನ್ನ ಸೇರುತ್ತಿರಲಿಲ್ಲ. ಅಪ್ಪನಿಗೆ ಮೇ ಒಂದರ ಮೆರವಣಿಗೆ ತಪ್ಪಿದರೆ ಸೇರುತ್ತಿರಲಿಲ್ಲ. ಮೇ ಒಂದನ್ನು ಶ್ರಮಿಕ ಸಂತ ಜೋಸೆಫರ ಹಬ್ಬವೆಂದು ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1955ರಲ್ಲಿಯೇ ಸಾರಿದ್ದರಿಂದ ಈ ವಿಚಾರದಲ್ಲಿ ಮನೆಯೊಳಗೆ ಜಗಳವಾಗಲಿಲ್ಲ. ಧರ್ಮವೂ ನ್ಯಾಯವೂ ಬೇರೆ ಬೇರೆ ಎಂದು ನನಗೆ ಚಿಕ್ಕಂದಿನಲ್ಲಿ ಯಾರೂ ಹೇಳಿಕೊಡಲಿಲ್ಲ. ಎರಡೂ ಬಹಳ ಸುಲಭ ಎಂದು ಮಾತ್ರ ನಾನೇ ತಿಳಿದುಕೊಂಡಿದ್ದೆ.

ಶಿವಮೊಗ್ಗ ಧರ್ಮಕ್ಷೇತ್ರ ಆಗಿನ್ನೂ ಹೊಸದು. 1988ರ ನವೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಬೇರೆಯಾಗಿತ್ತು. ನಾವು ಏಳೆಂಟು ಜನ ವಿದ್ಯಾರ್ಥಿಗಳು ಶುಕ್ರವಾರ ಸಂಜೆ ಒಬ್ಬ ವಯಸ್ಸಾದ ಫಾದರ ಕೋಣೆಯಲ್ಲಿ ಸೇರುತ್ತಿದ್ದೆವು. ಕಥೋಲಿಕ ವಿದ್ಯಾರ್ಥಿಗಳಿಗೆ 'ಐಕಫ್' ಎಂಬ ಅಖಿಲ ಭಾರತ ಒಕ್ಕೂಟ 1924ರಿಂದಲೂ ಇತ್ತು. ಅದರವರು 1970ರಲ್ಲಿ ಮದರಾಸಿನ ಹತ್ತಿರದ ಪೂನಮಲ್ಲಿಯಲ್ಲಿ ಸೇರಿ, ಓದಿದವರು ಬಡವರ ಪಕ್ಷ ವಹಿಸಬೇಕೆಂದು ತೀರ್ಮಾನ ಮಾಡಿದ್ದರು. ಮರುವರ್ಷ, 1971ರಲ್ಲಿ, ರೋಮಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆಯು ನ್ಯಾಯಕ್ಕಾಗಿ ದುಡಿಯುವುದು ಶುಭಸಂದೇಶ ಸಾರುವ ಕೆಲಸದ ಅಂಗವೇ ಹೊರತು ಬಿಡುವಿನ ವೇಳೆಯ ಪುಣ್ಯಕಾರ್ಯವಲ್ಲ ಎಂಬ ಅರ್ಥದ ಮಾತು ಹೇಳಿತು. ನಮ್ಮ ಗುಂಪು ಯಾವುದರ ಅಧಿಕೃತ ಘಟಕವೂ ಅಲ್ಲ. ಇಂಥ ಕಾಗದಗಳನ್ನು ಓದಿ, ಫಾದರ ಅಡುಗೆಯವನು ಕೊಟ್ಟ ಚಹಾ ಕುಡಿದು, ದೇಶದ ಅನ್ಯಾಯಗಳ ಮೇಲೆಲ್ಲ ಕೋಪ ಮಾಡಿಕೊಂಡು ರೂಮಿಗೆ ಹೋಗುತ್ತಿದ್ದೆವು. ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ಇದಕ್ಕಿಂತ ಸುಖವಾದ ಸಂಜೆ ಇನ್ನೊಂದಿಲ್ಲ.

ಒಂದು ಶುಕ್ರವಾರ ಫಾದರ್, "ಇಷ್ಟೆಲ್ಲ ಮಾತಾಡ್ತೀರಲ್ಲ, ಒಂದು ತಾಂಡಾ ನೋಡಿದ್ದೀರೇನ್ರೋ?" ಎಂದರು. ನೋಡಿರಲಿಲ್ಲ. ಲಂಬಾಣಿ ಹೆಂಗಸರನ್ನು ಸಂತೆಯಲ್ಲಿ ನೋಡಿದ್ದೆವು, ಅಷ್ಟೆ. "ಹೋಗಿ ಸುಮ್ಮನೆ ಕೂತು ಬನ್ನಿ. ಕೈಯಲ್ಲಿ ಏನೂ ಹಿಡಿದುಕೊಂಡು ಹೋಗಬೇಡಿ. ಕೊರಳಲ್ಲಿ ಶಿಲುಬೆ ಬೇಡ, ಬಾಯಲ್ಲಿ ಪ್ರಾರ್ಥನೆ ಬೇಡ. ಅವರಿಗೆ ಅವರ ಗುರು ಇದ್ದಾರೆ" ಎಂದು ಎಚ್ಚರಿಕೆಯನ್ನೂ ಹೇಳಿದರು. ನಾವು ಎರಡನೆಯದನ್ನು ಪಾಲಿಸಿದೆವು. ಮೊದಲನೆಯದನ್ನು ಪಾಲಿಸಲಿಲ್ಲ. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಬಟ್ಟೆಯಿಲ್ಲದವನಿಗೆ ಬಟ್ಟೆ ಕೊಟ್ಟವರ ಪ್ರಸ್ತಾಪ ಇದೆಯಲ್ಲ, ಅದನ್ನು ನೆಚ್ಚಿಕೊಂಡು ಮನೆಮನೆ ತಿರುಗಿ ಸೀರೆಗಳನ್ನು ಕೂಡಿಹಾಕಿದೆವು. ಆ ಗಂಟು ಇದೇ.

ನ್ಯಾಮತಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಸೂರಗೊಂಡನಕೊಪ್ಪದ ಕಡೆಗೆ ಸ್ವಲ್ಪ ದೂರ ಯಾರದೋ ಟ್ರ್ಯಾಕ್ಟರ್, ಉಳಿದದ್ದು ನಡಿಗೆ. ಆಗ ಅದು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಮೇಲೆ ಹೊನ್ನಾಳಿ ಆ ಕಡೆಗೆ ಹೋಯಿತು, ಈಗ ನ್ಯಾಮತಿಯೇ ತಾಲ್ಲೂಕು. ಸಂತ ಸೇವಾಲಾಲರು ಹುಟ್ಟಿದ ಜಾಗವೆಂದು ಲಂಬಾಣಿಗಳು ನಂಬಿಕೊಂಡು ಬಂದ ಊರು ಅದು. ಭೀಮಾ ನಾಯ್ಕ, ಧರ್ಮಿಣಿ ಎಂಬ ದಂಪತಿಗಳ ಮಗ, 1739ರ ಫೆಬ್ರುವರಿ 15ರಂದು ಜನನ ಎನ್ನುತ್ತಾರೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತುತ್ತಿದ್ದ ಜನ ಇವರು. ರೈಲು ಬಂದು ಎತ್ತಿನ ಹೇರು ಬೇಡವಾದಾಗ ಕಸುಬು ಹೋಯಿತು. ಕಸುಬು ಹೋದವರನ್ನು ಬ್ರಿಟಿಷರು 1871ರ ಕಾಯ್ದೆಯಿಂದ ಎಷ್ಟೋ ಕಡೆ ಅಪರಾಧಿ ಬುಡಕಟ್ಟು ಎಂದು ಬರೆದಿಟ್ಟುಕೊಂಡರು. ಆ ಹಣೆಪಟ್ಟಿ ಹರಿದದ್ದು 1952ರಲ್ಲಿ. ಇದೆಲ್ಲ ನನಗೆ ಗೊತ್ತಾದದ್ದು ಬಹಳ ನಂತರ. ಆ ದಿನ ನಾನು ಬಲ್ಲವನಾಗಿದ್ದದ್ದು ಒಂದೇ, ಇವರು ಬಡವರು, ನಾವು ಸಹಾಯ ಮಾಡಲು ಹೋಗುತ್ತಿದ್ದೇವೆ.

ಊರಿಗೆ ಸಮೀಪದ ಆ ತಾಂಡಾದಲ್ಲಿ ಮೊದಲು ಸಿಕ್ಕವಳು ಜಗಲಿಯ ಮೇಲೆ ಕೂತು ಕಾಂಚಳಿಗೆ ಕನ್ನಡಿ ಹೊಲಿಯುತ್ತಿದ್ದ ಒಬ್ಬ ಮುದುಕಿ. ಗಂಟು ಬಿಚ್ಚಿ ಒಂದು ಪಾಲಿಸ್ಟರ್ ಸೀರೆಯನ್ನು ಮುಂದಿಟ್ಟೆ. ಆಕೆ ಅದನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಆಚೀಚೆ ತಿರುಗಿಸಿ ನೋಡಿದಳು. ತಾನು ಉಟ್ಟಿದ್ದ, ಸಾವಿರ ಹೊಲಿಗೆಯ ಕೆಂಪು ಫೇಟಿಯಾದ ಪಕ್ಕಕ್ಕೆ ಅದನ್ನು ಹಿಡಿದಳು. ಆಮೇಲೆ ನಕ್ಕಳು. ಸುತ್ತ ನೆರೆದ ಹೆಂಗಸರೆಲ್ಲ ನಕ್ಕರು. "ಇದನ್ನ ಯಾರು ಉಡ್ತಾರಪ್ಪ? ನಿಮ್ಮವ್ವಂಗೇ ಕೊಡು ಹೋಗು" ಎಂದಳು. ಅದು ಅಮ್ಮನದೇ ಸೀರೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ನಕ್ಕು ಮುಗಿಸಿ, ಒಳಗಿನಿಂದ ರೊಟ್ಟಿ, ಖಾರ ತಂದುಕೊಟ್ಟಳು. ಹಸಿದಿದ್ದವರು ನಾವು, ಉಂಡವರೂ ನಾವೇ.

ಊಟವಾದ ಮೇಲೆ ಆಕೆ ಕೇಳಿದಳು, "ನಿಮ್ಮ ದೇವರು ಯಾರು?"

ಫಾದರ ಎಚ್ಚರಿಕೆ ನೆನಪಾಯಿತು. ಬರುವ ದಾರಿಯಲ್ಲಿ ಚಹದಂಗಡಿಯ ಹುಡುಗನೊಬ್ಬ ನಮ್ಮ ಹೆಸರು ಕೇಳಿ, "ಜಾತಿ ಕೆಡಿಸೋಕೆ ಬಂದಿದ್ದೀರಾ?" ಎಂದು ನೇರವಾಗಿಯೇ ಕೇಳಿದ್ದ. ಸುಳ್ಳು ಹೇಳುವಂತಿಲ್ಲ, ಉಪದೇಶ ಮಾಡುವಂತಿಲ್ಲ. ತೊದಲುತ್ತ, "ಮರಿಯಮ್ಮನ ಮಗ" ಎಂದೆ.

"ಮರಿಯಮ್ಮನಾ? ಮತ್ತೆ ನಮ್ಮವನೇ ಆದ್ನಲ್ಲ" ಎಂದು ಆಕೆ ಮಾತು ಮುಗಿಸಿಬಿಟ್ಟಳು. ಸೇವಾಲಾಲರ ಜೊತೆಗೆ ಅವರು ಪೂಜಿಸುವ ಯಾಡಿ, ಎಂದರೆ ತಾಯಿ, ಮರಿಯಮ್ಮನೇ. ಗುಡಿಗಳ ಮೇಲೆ ಸೇವಾಲಾಲರಿಗೆ ಬಿಳಿ ಬಾವುಟ, ಮರಿಯಮ್ಮನಿಗೆ ಕೆಂಪು. ಅವರ ಮರಿಯಮ್ಮ ಬೇರೆ, ನನ್ನಮ್ಮ ಜಪಸರದಲ್ಲಿ ಕರೆಯುವ ಮರಿಯಮ್ಮ ಬೇರೆ ಎಂದು ಯಾವ ದೇವಶಾಸ್ತ್ರಜ್ಞರಾದರೂ ಹೇಳಿಯಾರು, ಹೇಳುವುದು ಸರಿಯೂ ಹೌದು. ನಾನು ಅಂದು ವಾದಿಸಲಿಲ್ಲ. ಆವತ್ತಿನಿಂದ ಆಕೆಯನ್ನು ಅಜ್ಜಿ ಎನ್ನುವುದು ಬಿಟ್ಟು ಯಾಡಿ ಎಂದೇ ಕರೆದೆ.

ಆಮೇಲೆ ಹದಿನೈದು ದಿನಕ್ಕೊಮ್ಮೆ ಹೋಗತೊಡಗಿದೆವು, ಬರಿಗೈಯಲ್ಲಿ. ಹೋಗಿ ಕೂತರೆ ವಿಷಯ ತಾನಾಗಿ ತಿಳಿಯುತ್ತದೆ ಎಂದು ಫಾದರ್ ಹೇಳಿದ್ದು ನಿಜವಾಯಿತು. ಮಳೆ ನಂಬಿದ ಹೊಲಗಳು, ಮೆಕ್ಕೆಜೋಳವೋ ರಾಗಿಯೋ ಬಂದಷ್ಟು ಬರುತ್ತಿತ್ತು. ದೀಪಾವಳಿ ಆಯಿತೆಂದರೆ ಅರ್ಧ ತಾಂಡಾ ಮಂಡ್ಯದ ಸೀಮೆಗೆ ಕಬ್ಬು ಕಡಿಯಲು ಹೋಗುತ್ತಿತ್ತು. ಗಣಪತಿ ಹಬ್ಬದ ಹೊತ್ತಿಗೇ ಮೇಸ್ತ್ರಿ ಬಂದು ಗಂಡಹೆಂಡಿರ ಜೋಡಿಗೆ ಇಷ್ಟು ಎಂದು ಮುಂಗಡ ಕೊಟ್ಟು ಹೋಗುವನು. ಗಂಡ ಕಡಿಯಬೇಕು, ಹೆಂಡತಿ ಸೋಗೆ ಸವರಿ ಹೊರೆ ಕಟ್ಟಬೇಕು. ಇಬ್ಬರಲ್ಲಿ ಒಬ್ಬರು ಜ್ವರ ಬಂದು ಮಲಗಿದರೂ ಜೋಡಿಯ ಲೆಕ್ಕ ಬೀಳುತ್ತಿರಲಿಲ್ಲ. ಹಾಲು ಕುಡಿಯುವ ಕೂಸನ್ನು ಬಿಟ್ಟುಹೋಗುವಂತಿಲ್ಲ. ಕೂಸನ್ನು ಸೋಗೆಯ ಗುಡಿಸಿಲಲ್ಲಿ ನೋಡಿಕೊಳ್ಳಲು ಎಂಟೊಂಬತ್ತು ವರ್ಷದ ಅಕ್ಕ ಬೇಕು. ಹೀಗಾಗಿ ಶಾಲೆಯ ಹಾಜರಿ ಪುಸ್ತಕದಲ್ಲಿ ದೀಪಾವಳಿಯಿಂದ ಯುಗಾದಿಯವರೆಗೆ ಹೆಣ್ಣುಮಕ್ಕಳ ಹೆಸರಿನ ಮುಂದೆ ಒಂದೇ ಉದ್ದನೆಯ ಗೆರೆ. ಯಾಡಿಯ ಮೊಮ್ಮಗಳು ನಾಲ್ಕನೆಯ ಇಯತ್ತೆ. ಮಗ್ಗಿಯನ್ನು ನನಗಿಂತ ಬೇಗ ಹೇಳುತ್ತಿದ್ದಳು.

ನಮ್ಮ ಗುಂಪಿಗೆ ಕೊನೆಗೂ ಒಂದು ಅನ್ಯಾಯ ಸಿಕ್ಕಿತು! ನಾವು ಗ್ರಂಥಾಲಯದಲ್ಲಿ ಕೂತು 1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆಯನ್ನು ಓದಿ, ಬೇಕಾದ್ದನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿ, ತಾಂಡಾದ ನಾಯಕರ ಮನೆಯ ಮುಂದೆ ಗಂಡಸರನ್ನೆಲ್ಲ ಕೂರಿಸಿ ಓದಿದೆವು. ಮುಂಗಡದ ಹೆಸರಲ್ಲಿ ಮನುಷ್ಯನನ್ನು ಕಟ್ಟಿಹಾಕುವಂತಿಲ್ಲ, ಅಂಥ ಸಾಲ ತೀರಿಸಬೇಕಾಗಿಯೇ ಇಲ್ಲ, ಕೊಟ್ಟವನಿಗೇ ಮೂರು ವರ್ಷ ಸಜೆ ಎಂದು ನಾನು ಕೈಯೆತ್ತಿ ಹೇಳಿದೆ. ಕಾಯ್ದೆಯಲ್ಲಿ ಅದೆಲ್ಲ ಇದ್ದದ್ದು ನಿಜ.

ನಾಯಕರು ಬೀಡಿ ಆರಿಸಿ ಮೆಲ್ಲಗೆ ಕೇಳಿದರು, "ಸರಿ ಸಾಮಿ. ಈ ವರ್ಷ ತೀರಿಸೋದು ಬೇಡ. ಬರೋ ವರ್ಷ ಇವನ ಮಗಳ ಮದುವೆ ಐತೆ. ಮೇಸ್ತ್ರಿ ಕೊಡಲ್ಲ. ಅಡ್ವಾನ್ಸು ನೀವು ಕೊಡ್ತೀರೇನು?"

ನಮ್ಮ ಏಳು ಜನರ ಜೇಬೆಲ್ಲ ಸೇರಿಸಿದರೆ ವಾಪಸು ಹೋಗುವ ಬಸ್ ಚಾರ್ಜು ಇತ್ತು. ಕಾಯ್ದೆ ಬೇಡವೆಂದು ನಾಯಕರು ಹೇಳಲಿಲ್ಲ. ಕಾಯ್ದೆ ಬಂದ ಮಾರನೆಯ ದಿನ ಒಲೆ ಹೇಗೆ ಉರಿಯುತ್ತದೆ ಎಂದು ಮಾತ್ರ ಕೇಳಿದರು. ಅದಕ್ಕೆ ಉತ್ತರ ನಮ್ಮ ಕಾಗದದಲ್ಲಿರಲಿಲ್ಲ.

ಯಾಡಿಯೇ ಒಂದು ದಾರಿ ತೋರಿಸಿದಳು. "ಹುಡುಗೀನ ನನ್ನ ಹತ್ರ ಬಿಟ್ಟು ಹೋಗ್ರಿ ಅಂದ್ರೆ, ಅದಕ್ಕೆ ಏನು ತಿನ್ನಿಸ್ತೀ ಅಂತಾನೆ ಮಗ. ಮುದುಕರಿಗೆ ಸರ್ಕಾರದೋರು ರೊಕ್ಕ ಕೊಡ್ತಾರಂತಲ್ಲ, ಅದೊಂದು ಮಾಡಿಸ್ಕೊಡು" ಎಂದಳು. ಶಾಲೆಗಳಲ್ಲಿ ಬಿಸಿಯೂಟ ಬರಲು ಇನ್ನೂ ಹತ್ತು ಹನ್ನೆರಡು ವರ್ಷ ಇತ್ತು. ಒಂದು ಹೊಟ್ಟೆಯ ಎರಡು ಹೊತ್ತಿನ ರೊಟ್ಟಿಯ ಮೇಲೆ ಒಂದು ಹುಡುಗಿಯ ಶಾಲೆ ನಿಂತಿತ್ತು. ಮಾಡಬೇಕಾದ್ದು ಇಷ್ಟೇ, ವೃದ್ಧಾಪ್ಯ ವೇತನಕ್ಕೆ ಒಂದು ಅರ್ಜಿ. ಅದಕ್ಕೆ ಅರವತ್ತೈದು ತುಂಬಿರಬೇಕು. ಯಾಡಿಗೆ ಎಷ್ಟು ವರ್ಷ? ಭದ್ರಾ ಅಣೆಕಟ್ಟು ಕಟ್ಟುವಾಗ ಲಕ್ಕವಳ್ಳಿಯಲ್ಲಿ ಮಣ್ಣು ಹೊತ್ತಿದ್ದಳು, ಆಗ ಹಿರಿಯ ಮಗ ನಡೆಯುತ್ತಿದ್ದ, ಎರಡನೆಯವನು ಬೆನ್ನ ಮೇಲಿದ್ದ. ಆಕೆಯ ಜನನ ಪತ್ರ ಅದು. ಕಚೇರಿಯವರು ಡಾಕ್ಟರ ಸರ್ಟಿಫಿಕೇಟು ಬೇಕೆಂದರು. ದಸರೆ ಕಳೆದ ಸೋಮವಾರ ಡಾಕ್ಟರು ಸಿಗುತ್ತಾರೆ ಎಂದು ಗೊತ್ತುಮಾಡಿಕೊಂಡೆ. "ಸೋಮವಾರ ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಇರು ಯಾಡಿ, ನಾನು ಬಂದು ಕರಕೊಂಡು ಹೋಗ್ತೀನಿ" ಎಂದು ಮಾತು ಕೊಟ್ಟೆ. ಆಕೆ ನನ್ನ ಅಂಗೈಯನ್ನು ತನ್ನ ಅಂಗೈಯಿಂದ ಒಮ್ಮೆ ತಟ್ಟಿದಳು. ಸಂತೆಯಲ್ಲಿ ವ್ಯಾಪಾರ ಕುದುರಿದಾಗ ತಟ್ಟುವ ಹಾಗೆ.

ಆ ಸೋಮವಾರ ನಾನು ಬೆಂಗಳೂರಿನಲ್ಲಿದ್ದೆ.

ವಿದ್ಯಾರ್ಥಿಗಳ ಒಂದು ವಿಚಾರ ಸಂಕಿರಣ. ಶಿವಮೊಗ್ಗದಿಂದ ಒಬ್ಬರು ಬರಬೇಕೆಂದು ಎರಡು ದಿನ ಮುಂಚೆ ಕಾಗದ ಬಂತು. ವಿಷಯ ಏನೆಂದರೆ, ನಗಬೇಡಿ, ವಲಸೆ ಕೂಲಿಗಳು ಮತ್ತು ನ್ಯಾಯ. ನನ್ನ ಹಾಗೆ ಕಣ್ಣಾರೆ ಕಂಡವರು ಯಾರಿದ್ದಾರೆ ಎಂದು ಗೆಳೆಯರು ಹುರಿದುಂಬಿಸಿದರು. ಯಾಡಿಯನ್ನು ಕರೆದೊಯ್ಯಲು ಗೆಳೆಯನೊಬ್ಬನಿಗೆ ಹೇಳಿ ಹೋದೆ. ಹೇಳಿದೆ ಎಂದರೆ ರಾತ್ರಿ ಬಸ್ಸು ಹತ್ತುವ ಅವಸರದಲ್ಲಿ, ಅವನು ಸರಿಯಾಗಿ ಕೇಳಿಸಿಕೊಂಡನೋ ಇಲ್ಲವೋ ನೋಡದೆ, ಹೇಳಿದೆ. ಅವನು ಮುಂದಿನ ಸೋಮವಾರ ಎಂದುಕೊಂಡನಂತೆ. ತಪ್ಪು ಅವನದಲ್ಲ. ಬೆಂಗಳೂರಿನಲ್ಲಿ ನನ್ನ ಭಾಷಣಕ್ಕೆ ಬಹಳ ಚಪ್ಪಾಳೆ ಬಿತ್ತು. ಮುದುಕಿಯ ರೊಟ್ಟಿಯ ಪ್ರಸಂಗ ಹೇಳಿದಾಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಧರ್ಮಭಗಿನಿ ಕಣ್ಣೊರೆಸಿಕೊಂಡರು. ಅದೇ ಹೊತ್ತಿಗೆ ಆ ಮುದುಕಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ, ಸೆರಗಿನ ತುದಿಯಲ್ಲಿ ಎರಡು ರೊಟ್ಟಿ ಕಟ್ಟಿಕೊಂಡು, ಕೂತಿದ್ದಳು. ಒಂದು ತನಗೆ, ಒಂದು ನನಗೆ. ಸಂಜೆಯವರೆಗೂ ಕೂತಿದ್ದು ಎದ್ದುಹೋದಳು.

ನಾನು ತಾಂಡಾಕ್ಕೆ ಹೋದದ್ದು ದೀಪಾವಳಿ ಕಳೆದ ಮೇಲೆ. ಮನೆಗಳಿಗೆ ಬೀಗ. ಬೀಗವಿಲ್ಲದ ಬಾಗಿಲುಗಳಿಗೆ ಹಗ್ಗ. ಮೊಮ್ಮಗಳು ಹೋಗಿಯಾಗಿತ್ತು. ಯಾಡಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಪರೀಕ್ಷೆ ಇತ್ತೇನಪ್ಪ?" ಎಂದು ಕೇಳಿದಳು. ನನಗೆ ತಪ್ಪಿಸಿಕೊಳ್ಳಲು ಆಕೆಯೇ ಒಂದು ಕಿಂಡಿ ತೆರೆದುಕೊಟ್ಟಿದ್ದಳು. "ಹೂಂ ಯಾಡಿ" ಎಂದುಬಿಟ್ಟೆ.

ಆ ಶನಿವಾರ ಫಾದರ ಬಳಿ ಪಾಪನಿವೇದನೆಗೆ ಹೋದೆ. ಮಾತು ತಪ್ಪಿದ್ದು ಒಂದು, ಸುಳ್ಳು ಹೇಳಿದ್ದು ಒಂದು, ಚಪ್ಪಾಳೆಗೆ ಹಿಗ್ಗಿದ್ದು ಒಂದು ಎಂದು ಪಟ್ಟಿಮಾಡಿ ಹೇಳಿದೆ. ಹತ್ತು ಜಪ, ಇಪ್ಪತ್ತು ಜಪ ಏನಾದರೂ ಪ್ರಾಯಶ್ಚಿತ್ತ ಹೇಳುತ್ತಾರೆ, ಹೇಳಿ ಮುಗಿಸಿ ಹಗುರಾಗಬಹುದು ಎಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರ್ಜಿ ಎಲ್ಲಿಗೆ ಬಂತು?" ಎಂದರು. ಇನ್ನೂ ಹಾಕಿಲ್ಲ ಎಂದೆ. "ಆ ಅಜ್ಜಿಯ ಕೈಗೆ ದುಡ್ಡು ಬರುವವರೆಗೆ ನಿನ್ನ ಪ್ರಾಯಶ್ಚಿತ್ತ ಮುಗಿಯೋದಿಲ್ಲ. ಹೋಗಿ ಬಾ" ಎಂದು ಕ್ಷಮೆಯ ಮಂತ್ರ ಹೇಳಿ ಕಳಿಸಿದರು.

ನವೆಂಬರಿನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಚುನಾವಣೆ, ಕಚೇರಿಯವರೆಲ್ಲ ಅದರಲ್ಲಿ. ಡಿಸೆಂಬರಿನಲ್ಲಿ ಡಾಕ್ಟರು. ಜನವರಿಯಲ್ಲಿ ಅರ್ಜಿ. ಆಮೇಲೆ ಒಂದು ಸಹಿ, ಆಮೇಲೆ ಇನ್ನೊಂದು. ನಾನು ಎಷ್ಟು ಸಲ ಹೋದೆನೆಂದು ಲೆಕ್ಕವಿಟ್ಟಿಲ್ಲ. ಕಚೇರಿಯ ಮುಂದಿನ ಹುಣಸೆಮರದ ಕೆಳಗೆ ಕೂತು ನೆರಳು ಸರಿದಂತೆ ಸರಿಯುತ್ತ ಪರೀಕ್ಷೆಗೆ ಓದಿದ್ದು ನೆನಪಿದೆ. ಆಶ್ಚರ್ಯವೆಂದರೆ, ಅಲ್ಲಿ ಕೂತಿದ್ದಾಗ ನನಗೆ ಧರ್ಮದ ಯೋಚನೆ ಬರುತ್ತಲೇ ಇರಲಿಲ್ಲ. ಈ ಸಹಿ ಇಂದು ಆಗುತ್ತದೋ ಇಲ್ಲವೋ ಎಂಬುದೊಂದೇ. ಶುಕ್ರವಾರದ ಚರ್ಚೆಗೆ ಹೋಗುವುದು ಕಡಿಮೆಯಾಯಿತು. ಪೂಜೆಗೆ ಮಾತ್ರ ತಪ್ಪಲಿಲ್ಲ. ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಂತಾಗ ಕಚೇರಿಯ ಸಾಲು ನೆನಪಿಗೆ ಬಂದು, ಇದೇನು ಅಪಚಾರ ಎಂದು ಮೊದಮೊದಲು ಹೆದರಿದೆ. ಕ್ರಮೇಣ ಹೆದರಿಕೆ ಹೋಯಿತು.

ಮೊದಲ ಮನಿಯಾರ್ಡರು ಬಂದದ್ದು 1990ರ ಆಗಸ್ಟಿನಲ್ಲಿ. ಪೋಸ್ಟ್‌ಮ್ಯಾನ್ ಹೆಬ್ಬೆಟ್ಟು ಒತ್ತಿಸಿಕೊಂಡು ಕೊಟ್ಟ ನೋಟುಗಳನ್ನು ಯಾಡಿ ಮರಿಯಮ್ಮನ ಮುಂದಿಟ್ಟು ಎತ್ತಿಕೊಂಡಳಂತೆ. ಹುಡುಗಿ ಯುಗಾದಿಗೆ ಬಂದಿದ್ದಳು, ಕೈ ತುಂಬ ಸೋಗೆ ಗೀರಿದ ಗಾಯ. ಒಂದು ವರ್ಷ ಹಾಳಾಗಿ ಮತ್ತೆ ನಾಲ್ಕನೆಯ ಇಯತ್ತೆಯಲ್ಲಿಯೇ ಕೂತಳು. ಮುಂದಿನ ಎರಡು ದೀಪಾವಳಿಗೆ ಅಜ್ಜಿಯ ಬಳಿ ಉಳಿದಳು. ಮೂರನೆಯದಕ್ಕೆ, ಆರನೆಯ ಇಯತ್ತೆಯಲ್ಲಿದ್ದಾಗ, ಅಪ್ಪ ಕರೆದುಕೊಂಡು ಹೋದ. ಅಷ್ಟರಲ್ಲಿ ನನ್ನ ಓದು ಮುಗಿದು ಬೇರೆ ಊರಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತ್ತು. ಆ ಒಂದು ವರ್ಷ ಹಾಳಾಗದಿದ್ದರೆ ಏಳನೆಯದರಲ್ಲಿರುತ್ತಿದ್ದಳು ಎಂದು ಲೆಕ್ಕ ಹಾಕುವುದನ್ನು ನಾನು ಬಹಳ ವರ್ಷ ಬಿಡಲಿಲ್ಲ. ಮೇಷ್ಟರಿಗೆ ಲೆಕ್ಕದ ಚಾಳಿ.

ನಮ್ಮ ಗುಂಪಿನವರು ಚದುರಿಹೋದರು. ಒಬ್ಬಾಕೆ ಧರ್ಮಭಗಿನಿಯಾದಳು, ಒಬ್ಬ ವಕೀಲನಾದ, ಇಬ್ಬರು ಕೊಲ್ಲಿ ದೇಶಕ್ಕೆ ಹೋದರು. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನಲ್ಲಿ 1975ರಿಂದ 1986ರವರೆಗೆ ನಿರ್ದೇಶಕರಾಗಿದ್ದ ಸ್ಟ್ಯಾನ್ ಸ್ವಾಮಿ ಎಂಬ ಪಾದ್ರಿಗಳ ಬಗ್ಗೆ ಸಂಕಿರಣದ ದಿನ ಯಾರೋ ಹೇಳಿದ್ದರು. ಕುರ್ಚಿ ಬಿಟ್ಟು ಆದಿವಾಸಿಗಳ ನಡುವೆ ಇರಲು ಹೋದವರು. ನಾನು ಅಂದು ಅರ್ಧ ಕಿವಿಯಲ್ಲಿ ಕೇಳಿದ್ದೆ. 2021ರ ಜುಲೈ 5ರಂದು, ಎಂಬತ್ತನಾಲ್ಕರ ವಯಸ್ಸಿನಲ್ಲಿ, ವಿಚಾರಣಾಧೀನ ಕೈದಿಯಾಗಿಯೇ ಅವರು ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಬಂದಾಗ ಆ ಸಭೆಯ ಚಪ್ಪಾಳೆ ಮತ್ತೆ ಕಿವಿಗೆ ಬಿತ್ತು. ಅವರದು ಎಲ್ಲಿಯ ದಾರಿ, ನನ್ನದು ಎಲ್ಲಿಯ ಹುಣಸೆಮರದ ನೆರಳು!

2024ರ ಫೆಬ್ರುವರಿಯಲ್ಲಿ, ಸೇವಾಲಾಲ್ ಜಯಂತಿಯ ಸಮಯದಲ್ಲಿ, ಮತ್ತೆ ಸೂರಗೊಂಡನಕೊಪ್ಪಕ್ಕೆ ಹೋಗಿದ್ದೆ. ಮಾಲೆ ಧರಿಸಿದ ಭಕ್ತರು ದೂರದೂರದಿಂದ ನಡೆದು ಬಂದಿದ್ದರು, ಹೊರ ರಾಜ್ಯದವರೂ ಬಹಳ. ಭಾಯಾಗಡ್ ಎಂಬ ಫಲಕ, ದೊಡ್ಡ ಗುಡಿ, ಡಾಂಬರು ರಸ್ತೆ. ಆ ಜನಜಂಗುಳಿ ದಾಟಿಕೊಂಡು ತಾಂಡಾಕ್ಕೆ ಹೋದೆ. ಯಾಡಿ ಹೋಗಿ ಎಷ್ಟೋ ವರ್ಷವಾಗಿದೆ. ಮನೆ ಈಗ ತಾರಸಿಯದು. ಬಾಗಿಲಿಗೆ ಬೀಗ.

ಪಕ್ಕದ ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಈಕೆಯ ಮೈಮೇಲೆ ಸೀರೆ. "ಕಬ್ಬಿಗೆ ಹೋಗ್ಯಾರೆ, ಯುಗಾದಿಗೆ ಬರ್ತಾರೆ" ಎಂದಳು. ಮೊಮ್ಮಗಳ ಹೆಸರು ಹೇಳಿ, ಆಕೆಯ ಮಕ್ಕಳೂ ಹೋಗಿದ್ದಾರೆಯೇ ಎಂದೆ.

"ಇಲ್ಲ. ಮಗಳು ದಾವಣಗೆರೆಯಾಗೆ ಓದ್ತಾಳೆ. ಸಣ್ಣ ಹುಡುಗ ಹಾಸ್ಟೆಲ್‌ನಾಗೆ. ಗಂಡ ಕರ್ಕಂಡು ಹೋಗಾನ ಅಂದ. ಅವಳು ಜಗಳಾಡಿ ಬಿಟ್ಟು ಹೋದ್ಲು." ಸ್ವಲ್ಪ ಹೊತ್ತು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನೀವು ಮೇಷ್ಟ್ರೇನು? ಓದಾಕೆ ಬರುತ್ತಲ್ಲ?" ಎಂದಳು. ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದಳು. ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಮಡಿಕೆ ಬಿದ್ದ ಒಂದು ಅರ್ಜಿ. ನಾಲ್ಕು ತಿಂಗಳಿಂದ ಆಕೆಯ ವೃದ್ಧಾಪ್ಯ ವೇತನ ನಿಂತಿತ್ತು.

ಕೊನೆಯ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತೆ. ಕಾರ್ಡಿನಲ್ಲಿದ್ದ ಹೆಸರಿಗೂ ಪಾಸ್‌ಬುಕ್ಕಿನಲ್ಲಿದ್ದ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸ ಇತ್ತು.